ಕ್ಯಾನ್ಸರ್ ಕೋಶಕ್ಕೆ ರಿಪೇರಿ ಬಂದ್ ಮಾಡಿದ್ರೆ ಏನಾಗುತ್ತೆ? ಬೆಂಗಳೂರಿನ ಲ್ಯಾಬ್‌ನ ಸಂಶೋಧನೆ ಮತ್ತು ನಮ್ಮ ತಾಲೂಕಿನ ಅಂಗಡಿ, ಅಟ್ಟ

ಅರಸೀಕೆರೆ: ಜಂಕ್ಷನ್‌ನಲ್ಲಿ ಬೆಳಗ್ಗೆ ಬೆಂಗಳೂರು ಕಡೆ ರೈಲು ಹತ್ತೋರೆಲ್ಲ ಕೆಲಸಕ್ಕೋ ಮದುವೆಗೋ ಹೋಗೋರಲ್ಲ. ಸ್ಕ್ಯಾನಿಂಗ್ ಕವರ್, ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಕಿದ್ವಾಯಿ ಆಸ್ಪತ್ರೆಗೆ ಹೊರಟವರೂ ಅದೇ ಬೋಗಿಯಲ್ಲಿ ಇರ್ತಾರೆ. ಬೇಲೂರು, ಹಳೇಬೀಡು ಕಡೆಯವರು ಹಾಸನಕ್ಕೆ ಬಸ್ಸಲ್ಲಿ ಹೋಗಿ ಅಲ್ಲಿಂದ ಮುಂದಕ್ಕೆ ಹೋಗ್ತಾರೆ. ಯಾರ ಮನೆಗೆ ಈ ಕಾಯಿಲೆ ಬಂದರೂ ಮೊದಲು ಬರೋ ಪ್ರಶ್ನೆ ಒಂದೇ: ಇದಕ್ಕೆ ಔಷಧಿ ಇದೆಯಾ?

ಫೋನ್ ತೆರೆದರೆ 'ಕ್ಯಾನ್ಸರ್‌ಗೆ ಔಷಧಿ ಸಿಕ್ಕೇಬಿಡ್ತು' ಅನ್ನೋ ಫಾರ್ವರ್ಡ್‌ಗಳಿಗೆ ಬರ ಇಲ್ಲ. ಅದರಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ ಅಂತ ತಿಳಿಯೋದು ಕಷ್ಟ. ಹಾಗಾಗಿ ನಮ್ಮ ರಾಜ್ಯದಲ್ಲೇ ನಿಜವಾಗಿ ನಡೆದಿರೋ ಒಂದು ಸಂಶೋಧನೆಯನ್ನ ಬಿಡಿಸಿ ನೋಡೋಣ. ಅರಸೀಕೆರೆಯಿಂದ ಹೊರಟ ರೈಲು ತುಮಕೂರು ದಾಟಿ ಯಶವಂತಪುರಕ್ಕೆ ಬಂದರೆ, ಅಲ್ಲಿಂದ ಸ್ವಲ್ಪ ದೂರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅಲ್ಲಿನ ಜೀವರಸಾಯನ ವಿಭಾಗದ ಪ್ರೊಫೆಸರ್ ಸತೀಶ್ ಸಿ. ರಾಘವನ್ ಅವರ ತಂಡ 2012ರಲ್ಲಿ ಎಸ್‌ಸಿಆರ್7 ಅನ್ನೋ ಒಂದು ರಾಸಾಯನಿಕದ ಬಗ್ಗೆ ವರದಿ ಪ್ರಕಟಿಸಿತು. ಅದು ಕ್ಯಾನ್ಸರ್ ಕೋಶವನ್ನ ನೇರವಾಗಿ ಹೊಡೆಯೋ ಬದಲು, ಆ ಕೋಶ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳೋದನ್ನ ತಡೆಯುತ್ತೆ ಅನ್ನೋದು ಆ ವರದಿಯ ಸಾರ.

ಇದು ಅರ್ಥ ಆಗಬೇಕಾದ್ರೆ ಮೊದಲು ನಮ್ಮ ಮೈಯೊಳಗೆ ದಿನಾ ನಡೆಯೋ ರಿಪೇರಿ ಕೆಲಸ ಏನು ಅಂತ ತಿಳೀಬೇಕು.

ಕಾರ್ಬನ್ ಹಾಕಿದ ಬಿಲ್ ಬುಕ್ಕು

ಮನುಷ್ಯನ ಮೈಯಲ್ಲಿ 30 ಲಕ್ಷ ಕೋಟಿಗೂ ಹೆಚ್ಚು ಜೀವಕೋಶಗಳಿವೆ ಅಂತ ಅಂದಾಜು. ಬಹುತೇಕ ಬಗೆಯ ಕೋಶಗಳ ಒಳಗೆ ಡಿಎನ್‌ಎ ಅನ್ನೋ ಉದ್ದನೆಯ ಎಳೆ ಇರುತ್ತೆ. ಕಣ್ಣಿಗೆ ಕಾಣದ ಒಂದು ಕೋಶದೊಳಗೆ ಸುರುಳಿ ಸುತ್ತಿಟ್ಟಿರೋ ಈ ಎಳೆಯನ್ನ ಬಿಚ್ಚಿ ಎಳೆದರೆ ಸುಮಾರು 2 ಮೀಟರ್ ಉದ್ದ ಬರುತ್ತೆ. ಕೋಶ ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು, ಯಾವಾಗ ಸಾಯಬೇಕು ಅನ್ನೋದೆಲ್ಲ ಅದರಲ್ಲಿ ಬರೆದಿರುತ್ತೆ. ಬರೆಯೋಕೆ ಬಳಸೋ ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ತಾಯಿಯಿಂದ ಬಂದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಬಂದ ಇನ್ನೊಂದರಲ್ಲಿ ಅಷ್ಟೇ.

ಡಿಎನ್‌ಎ ಒಂಟಿ ಎಳೆ ಅಲ್ಲ, ಜೋಡಿ ಎಳೆ. ಒಂದು ಕಡೆ ಎ ಇದ್ದರೆ ಎದುರಿಗೆ ಟಿ ಇರಲೇಬೇಕು, ಜಿ ಇದ್ದರೆ ಎದುರಿಗೆ ಸಿ. ಅಂಗಡಿಯವರಿಗೆ ಇದನ್ನ ಹೇಳೋಕೆ ಬಿಲ್ ಬುಕ್ಕಿಗಿಂತ ಒಳ್ಳೆ ಉದಾಹರಣೆ ಇಲ್ಲ. ಕಾರ್ಬನ್ ಹಾಕಿ ಬರೆದ ಬಿಲ್‌ನಲ್ಲಿ ಮೇಲಿನ ಹಾಳೆ ಮೇಲೆ ಟೀ ಚೆಲ್ಲಿ ಒಂದು ಸಾಲು ಅಳಿಸಿಹೋದರೆ ಗಾಬರಿ ಪಡಬೇಕಿಲ್ಲ. ಕೆಳಗಿನ ಹಾಳೆ ನೋಡಿ ಮತ್ತೆ ಬರೆದರಾಯ್ತು. ಕೋಶವೂ ಇದನ್ನೇ ಮಾಡುತ್ತೆ. ಒಂದು ಎಳೆಯಲ್ಲಿ ಅಕ್ಷರ ಕೆಟ್ಟರೆ ಆ ತುಂಡನ್ನ ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ಸರಿಯಾದ ಅಕ್ಷರ ತುಂಬಿ, ಅಂಟು ಹಾಕಿ ಮುಚ್ಚಿಬಿಡುತ್ತೆ.

ಈ ಕೆಲಸ ಯಾವಾಗಲೋ ಒಂದ್ಸಲ ನಡೆಯೋದಲ್ಲ. ಒಂದೊಂದು ಕೋಶದಲ್ಲೂ ದಿನಕ್ಕೆ ಹತ್ತಾರು ಸಾವಿರ ಕಡೆ ಡಿಎನ್‌ಎ ಕೆಡುತ್ತೆ ಅನ್ನೋದು ವಿಜ್ಞಾನಿಗಳ ಲೆಕ್ಕ. ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ ಇವು ಹೊರಗಿನ ಕಾರಣ. ಆದ್ರೆ ಬರೀ ಉಸಿರಾಡಿಕೊಂಡು, ಊಟ ಮಾಡಿಕೊಂಡು ಮನೇಲಿ ಕೂತಿದ್ರೂ ಡಿಎನ್‌ಎ ಕೆಡುತ್ತೆ. ಕೋಶದೊಳಗಿನ ನೀರು, ಆಮ್ಲಜನಕ ಕೂಡ ಅದನ್ನ ಸವೆಸ್ತಾವೆ. ಹಿಂದೆ ಡಿಎನ್‌ಎ ಕಲ್ಲಿನ ಹಾಗೆ ಗಟ್ಟಿ ಅಂತ ನಂಬಿದ್ದರು. ಅದು ತಾನಾಗಿಯೇ ಕೆಡುತ್ತೆ, ಹಾಗಾಗಿ ಕೋಶದೊಳಗೆ ರಿಪೇರಿ ವ್ಯವಸ್ಥೆ ಇರಲೇಬೇಕು ಅಂತ ತೋರಿಸಿದವರು ಸ್ವೀಡನ್ ಮೂಲದ ಥಾಮಸ್ ಲಿಂಡಾಲ್. ಅವರಿಗೆ, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಾಂಕಾರ್ ಅವರಿಗೆ ಸೇರಿ 2015ರ ರಸಾಯನಶಾಸ್ತ್ರ ನೊಬೆಲ್ ಬಂತು. ಮೂವರ ಕೆಲಸವೂ ಇದೇ ರಿಪೇರಿ ಬಗ್ಗೆ.

ಎರಡೂ ಹಾಳೆ ಹರಿದರೆ?

ಒಂದು ಹಾಳೆ ಕೆಟ್ಟರೆ ಇನ್ನೊಂದು ನೋಡಬಹುದು. ಮೇಲಿನದು, ಕೆಳಗಿನದು ಎರಡೂ ಒಂದೇ ಕಡೆ ಹರಿದು ಬಿದ್ದರೆ? ಡಿಎನ್‌ಎಗೆ ಆಗೋ ಪೆಟ್ಟುಗಳಲ್ಲಿ ಇದೇ ಅತಿ ಅಪಾಯದ್ದು. ಜೋಡಿ ಎಳೆ ಎರಡೂ ಒಟ್ಟಿಗೆ ತುಂಡಾಗೋದು. ಹಾಗೇ ಬಿಟ್ಟರೆ ಕೋಶ ಸಾಯಬಹುದು, ಇಲ್ಲವೇ ತುಂಡುಗಳು ತಪ್ಪಾಗಿ ಸೇರಿ ಬೇರೆಯದೇ ಅನಾಹುತ ಆಗಬಹುದು.

ಇದನ್ನ ಸರಿಮಾಡೋಕೆ ಕೋಶದ ಹತ್ತಿರ ಮುಖ್ಯವಾಗಿ ಎರಡು ದಾರಿ ಇವೆ.

ಮೊದಲನೆಯದು, ನಕಲು ನೋಡಿ ಬರೆಯೋದು. ಕೋಶ ಎರಡಾಗೋಕೆ ಮೊದಲು ತನ್ನ ಡಿಎನ್‌ಎಯ ಇನ್ನೊಂದು ಪೂರ್ತಿ ಪ್ರತಿ ಮಾಡಿಕೊಂಡಿರುತ್ತೆ. ಆ ಸಮಯದಲ್ಲಿ ಒಂದು ಪ್ರತಿ ತುಂಡಾದರೆ ಪಕ್ಕದಲ್ಲಿರೋ ಪ್ರತಿ ನೋಡಿ ಅಕ್ಷರ ಅಕ್ಷರ ಸರಿಮಾಡಬಹುದು. ಅಂಗಡಿ ಲೆಕ್ಕದ ಪುಸ್ತಕ ಹರಿದಾಗ ಆಡಿಟರ್ ಹತ್ತಿರ ಇರೋ ಪ್ರತಿ ತರಿಸಿ ಬರೆದುಕೊಂಡ ಹಾಗೆ. ಇದು ನಿಧಾನ, ಆದ್ರೆ ತಪ್ಪು ಕಡಿಮೆ. ಸ್ತನ ಕ್ಯಾನ್ಸರ್ ವಿಷಯದಲ್ಲಿ ಹೆಸರು ಕೇಳಿಬರೋ ಬಿಆರ್‌ಸಿಎ ಅನ್ನೋ ವಂಶವಾಹಿಗಳು ಕೆಲಸ ಮಾಡೋದು ಈ ದಾರಿಯಲ್ಲೇ.

ಎರಡನೆಯದು, ತುದಿಗೆ ತುದಿ ಜೋಡಿಸಿ ಅಂಟಿಸೋದು. ಪಕ್ಕದಲ್ಲಿ ಪ್ರತಿ ಇಲ್ಲದಾಗ, ಸಮಯವೂ ಇಲ್ಲದಾಗ ಹರಿದ ಎರಡು ತುದಿಗಳನ್ನ ಹಿಡಿದು ಟೇಪ್ ಹಾಕೋದು. ಅಂಚಿನಲ್ಲಿ ಒಂದೆರಡು ಅಕ್ಷರ ಹೋಗಬಹುದು, ಆದ್ರೆ ಪುಸ್ತಕ ಉಳಿಯುತ್ತೆ. ಮನುಷ್ಯರ ಕೋಶಗಳಲ್ಲಿ ಜೋಡಿ ಎಳೆ ತುಂಡಾದಾಗ ಹೆಚ್ಚಾಗಿ ಬಳಕೆ ಆಗೋದು ಈ ದಾರಿಯೇ. ಇದಕ್ಕೆ ಒಂದು ಗ್ಯಾಂಗ್ ಇದೆ. ಕು ಅನ್ನೋ ಪ್ರೋಟೀನ್ ಮೊದಲು ಬಂದು ತುದಿಗಳನ್ನ ಹಿಡ್ಕೊಳ್ಳುತ್ತೆ, ಬೇರೆ ಪ್ರೋಟೀನ್‌ಗಳು ಅಂಚು ಸರಿಮಾಡ್ತಾವೆ, ಕೊನೆಗೆ ಲಿಗೇಸ್ 4 ಅನ್ನೋದು ಬಂದು ಬೆಸುಗೆ ಹಾಕುತ್ತೆ. ಬೆಂಗಳೂರಿನ ತಂಡ ಕೈ ಹಾಕಿದ್ದು ಈ ಕೊನೆಯ ಬೆಸುಗೆಯವನ ಮೇಲೆ.

ಬೇಲೂರು ದೇವಸ್ಥಾನದ ಶಿಖರ ಕಳಚಿದ ಹಾಗೆ

ರಿಪೇರಿ ಆಗದಷ್ಟು ಕೆಟ್ಟರೆ ಕೋಶ ಏನು ಮಾಡುತ್ತೆ? ಇದಕ್ಕೆ ಉದಾಹರಣೆ ಬೇಲೂರಿನಲ್ಲೇ ಇದೆ. ಚೆನ್ನಕೇಶವ ದೇವಸ್ಥಾನದ ಗರ್ಭಗುಡಿ ಮೇಲೆ ಹಿಂದೆ ಶಿಖರ ಇತ್ತು. ಈಗ ಇಲ್ಲ. 19ನೇ ಶತಮಾನದ ಕೊನೆ ಭಾಗದಲ್ಲಿ, ಅದರ ಭಾರಕ್ಕೆ ಕೆಳಗಿನ ಗರ್ಭಗುಡಿಗೆ ಅಪಾಯ ಆಗಬಾರದು ಅಂತ ಅದನ್ನ ಕಳಚಿ ಇಳಿಸಿದರು. ಒಂದು ಭಾಗ ಹೋದರೂ ಉಳಿದ ಗುಡಿ ಉಳೀತು.

ಕೋಶದೊಳಗೂ ಇಂಥ ತೀರ್ಮಾನ ಮಾಡೋ ಮೇಸ್ತ್ರಿ ಒಬ್ಬ ಇದ್ದಾನೆ. ಅವನ ಹೆಸರು ಪಿ53. ಡಿಎನ್‌ಎ ಕೆಟ್ಟಿದ್ದು ಗೊತ್ತಾದ ತಕ್ಷಣ ಕೋಶ ಎರಡಾಗೋದನ್ನ ನಿಲ್ಲಿಸ್ತಾನೆ, ರಿಪೇರಿಗೆ ಸಮಯ ಕೊಡ್ತಾನೆ. ರಿಪೇರಿ ಆಗಲ್ಲ ಅಂತ ಖಾತ್ರಿಯಾದರೆ ಆ ಕೋಶ ತಾನೇ ಸಾಯೋ ಹಾಗೆ ಮಾಡ್ತಾನೆ. ಒಂದು ಕೋಶ ಹೋಗಿ ಮೈ ಉಳಿಯುತ್ತೆ.

ಕ್ಯಾನ್ಸರ್ ಶುರುವಾಗೋದು ಈ ಕಾವಲು ತಪ್ಪಿದಾಗ. ರಿಪೇರಿ ತಪ್ಪಾಗಿ ನಡೆದು ಅಕ್ಷರ ಬದಲಾಗುತ್ತೆ. ಆ ತಪ್ಪು, 'ಬೆಳೆಯೋದು ನಿಲ್ಲಿಸು' ಅಂತ ಬರೆದಿರೋ ಜಾಗದಲ್ಲೇ ಆದರೆ ಕೋಶ ನಿಲ್ಲೋದೇ ಇಲ್ಲ. ಇನ್ನೊಂದು ತಪ್ಪು ಪಿ53 ಮೇಸ್ತ್ರಿಯನ್ನೇ ಕೆಡಿಸಿಬಿಟ್ಟರೆ ಕೇಳೋರಿಲ್ಲ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರೋದು ಕಂಡುಬರುತ್ತೆ. ಒಂದೇ ತಪ್ಪಿಗೆ ಕ್ಯಾನ್ಸರ್ ಬರೋದು ಅಪರೂಪ. ವರ್ಷಗಟ್ಟಲೆ ಒಂದರ ಮೇಲೊಂದು ತಪ್ಪು ಸೇರಿ ಬರುತ್ತೆ. ಅದಕ್ಕೇ ವಯಸ್ಸಾದ ಮೇಲೆ ಜಾಸ್ತಿ. ಅದಕ್ಕೇ ಇವತ್ತು ತಿಂದ ಗುಟ್ಕಾದ ಲೆಕ್ಕ ನಾಳೆ ಗೊತ್ತಾಗಲ್ಲ.

ಬೆಂಗಳೂರಿನ ಲ್ಯಾಬ್ ಮಾಡಿದ್ದೇನು

ಸತೀಶ್ ರಾಘವನ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೈಕೆಲ್ ಲೀಬರ್ ಅವರ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಡಿಎನ್‌ಎ ಯಾಕೆ ಪದೇ ಪದೇ ಅದೇ ಜಾಗದಲ್ಲಿ ತುಂಡಾಗುತ್ತೆ ಅನ್ನೋದು ಅಲ್ಲಿ ಅವರ ಪ್ರಶ್ನೆ. ಆ ಜಾಗದಲ್ಲಿ ಡಿಎನ್‌ಎ ಮಾಮೂಲಿ ಸುರುಳಿಯಾಗಿ ಇರದೆ ಬೇರೆ ಆಕಾರಕ್ಕೆ ತಿರುಗುತ್ತೆ, ಹಾಗಾಗಿ ಕತ್ತರಿ ಅಲ್ಲೇ ಬೀಳುತ್ತೆ ಅಂತ 2004ರಲ್ಲಿ ಆ ತಂಡ ತೋರಿಸಿತು. 2006ರಲ್ಲಿ ಅವರು ಬೆಂಗಳೂರಿನ ಸಂಸ್ಥೆಗೆ ಬಂದರು. ತುಂಡಾಗೋದು ಹೇಗೆ ಅನ್ನೋ ಪ್ರಶ್ನೆಯ ಜೊತೆಗೆ, ಜೋಡಣೆಯನ್ನ ತಡೆದರೆ ಏನಾಗುತ್ತೆ ಅನ್ನೋದೂ ಸೇರಿಕೊಳ್ತು.

ಯೋಚನೆ ಸರಳ. ಊರಲ್ಲಿ ಜನ 'ಕರೆಂಟ್ ಕೊಡೋದು' ಅಂತ ಕರೆಯೋ ರೇಡಿಯೇಷನ್ ಮಾಡೋದು ಏನು? ಗಡ್ಡೆಯ ಕೋಶಗಳ ಡಿಎನ್‌ಎಯನ್ನ ತುಂಡು ತುಂಡು ಮಾಡುತ್ತೆ. ಕೆಲವು ಕಿಮೋ ಔಷಧಿಗಳ ಕೆಲಸವೂ ಅದೇ. ಆದ್ರೆ ಕ್ಯಾನ್ಸರ್ ಕೋಶ ಸುಮ್ಮನೆ ಕೂರಲ್ಲ. ಅದರೊಳಗೂ ಅದೇ ರಿಪೇರಿ ಗ್ಯಾಂಗ್ ಇದೆ. ತುಂಡಾಗಿದ್ದನ್ನ ಬೆಸೆದುಕೊಂಡು ಮತ್ತೆ ಬದುಕುತ್ತೆ. ಒಂದು ಕಡೆಯಿಂದ ಡಾಕ್ಟರ್ ಮುರೀತಾರೆ, ಇನ್ನೊಂದು ಕಡೆಯಿಂದ ಗಡ್ಡೆ ಕಟ್ಟಿಕೊಳ್ಳುತ್ತೆ. ಆ ಬೆಸುಗೆಯವನ ಕೈ ಕಟ್ಟಿಹಾಕಿದ್ರೆ?

ತಂಡ ಲಿಗೇಸ್ 4ರ ಆಕಾರ ನೋಡಿ, ಅದು ಡಿಎನ್‌ಎಯನ್ನ ಹಿಡಿಯೋ ಜಾಗಕ್ಕೆ ಹೋಗಿ ಕೂರಬಲ್ಲ ರಾಸಾಯನಿಕಗಳನ್ನ ಹುಡುಕಿತು. ಹಾಗೆ ತಯಾರಿಸಿ ಪರೀಕ್ಷಿಸಿದವುಗಳಲ್ಲಿ ಕೆಲಸಕ್ಕೆ ಬಂದದ್ದು ಎಸ್‌ಸಿಆರ್7. ಇದನ್ನ ಹಾಕಿದಾಗ ಕೋಶದೊಳಗೆ ತುಂಡಾದ ಡಿಎನ್‌ಎ ಬೆಸೆಯದೇ ಹಾಗೇ ಉಳೀತು, ತುಂಡುಗಳು ಜಮೆ ಆದವು, ಕೋಶ ಸಾಯೋ ದಾರಿ ಹಿಡೀತು. ಇಲಿಗಳಲ್ಲಿ ಬೆಳೆಸಿದ ಗಡ್ಡೆಗಳ ಮೇಲೆ ನೋಡಿದಾಗ ಗಡ್ಡೆ ಬೆಳೆಯೋದು ತಗ್ಗಿತು. ಡಿಎನ್‌ಎ ತುಂಡು ಮಾಡೋ ಚಿಕಿತ್ಸೆ ಜೊತೆಗೆ ಕೊಟ್ಟಾಗ ಪರಿಣಾಮ ಇನ್ನೂ ಹೆಚ್ಚಿತು. 2012ರ ಡಿಸೆಂಬರ್‌ನಲ್ಲಿ ಸೆಲ್ ಅನ್ನೋ ಪತ್ರಿಕೆಯಲ್ಲಿ ಇದು ಪ್ರಕಟ ಆಯ್ತು. ಜೀವವಿಜ್ಞಾನದಲ್ಲಿ ಅದು ಬಹಳ ದೊಡ್ಡ ಪತ್ರಿಕೆ. ಭಾರತದಲ್ಲೇ ನಡೆದ ಕೆಲಸ ಅಲ್ಲಿ ಬರೋದು ಅಪರೂಪ. ಇದು ಒಬ್ಬರ ಕೆಲಸವೂ ಅಲ್ಲ. ಲೇಖಕರ ಪಟ್ಟಿಯಲ್ಲಿ ಮೊದಲು ಇರೋದು ಮೃಣಾಲ್ ಶ್ರೀವಾಸ್ತವ, ಮೃದುಲಾ ನಂಬಿಯಾರ್ ಮೊದಲಾದ ಕಿರಿಯ ಸಂಶೋಧಕರ ಹೆಸರು. ಮರುವರ್ಷ, 2013ರಲ್ಲಿ, ರಾಘವನ್ ಅವರಿಗೆ ಜೀವವಿಜ್ಞಾನ ವಿಭಾಗದಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಹಾಗಾದ್ರೆ ಔಷಧಿ ಸಿಕ್ತಾ?

ಇಲ್ಲಿ ನಿಂತು ನೋಡಬೇಕು. ಫಾರ್ವರ್ಡ್ ಮೆಸೇಜುಗಳು ನಿಲ್ಲೋದು ಇದಕ್ಕೆ ಮೊದಲೇ.

ಎಸ್‌ಸಿಆರ್7 ಇವತ್ತು ಮೆಡಿಕಲ್ ಶಾಪ್‌ನಲ್ಲಿ ಸಿಗೋ ಔಷಧಿ ಅಲ್ಲ. ಲ್ಯಾಬ್‌ನ ಗಾಜಿನ ತಟ್ಟೆ, ಅದಾದ ಮೇಲೆ ಇಲಿ, ಅದಾದ ಮೇಲೆ ಮನುಷ್ಯರ ಮೇಲೆ ಹಂತ ಹಂತವಾಗಿ ಪರೀಕ್ಷೆ. ಮೊದಲ ಹಂತದಲ್ಲಿ ಚೆನ್ನಾಗಿ ಕಂಡ ಎಷ್ಟೋ ರಾಸಾಯನಿಕಗಳು ಕೊನೆಯ ಹಂತ ಮುಟ್ಟೋದೇ ಇಲ್ಲ. ಈ ವಿಷಯದಲ್ಲಿ ಒಂದು ಕಷ್ಟವೂ ಇದೆ. ಬೆಸುಗೆಯವನು ಒಳ್ಳೆ ಕೋಶಕ್ಕೂ ಬೇಕು. ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು ತಯಾರಾಗುವಾಗ ತಮ್ಮ ಡಿಎನ್‌ಎಯನ್ನ ತಾವೇ ಕತ್ತರಿಸಿ ಬೇರೆ ರೀತಿ ಜೋಡಿಸಿಕೊಳ್ಳುತ್ತವೆ, ಅದಕ್ಕೂ ಲಿಗೇಸ್ 4 ಬೇಕೇ ಬೇಕು. ಹಾಗಾಗಿ ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು ಅನ್ನೋದು ಸುಲಭದ ಲೆಕ್ಕ ಅಲ್ಲ.

ಪ್ರಶ್ನೆಗಳೂ ಬಂದವು. 2016ರಲ್ಲಿ ಅಮೆರಿಕದ ಒಂದು ತಂಡ, ಎಸ್‌ಸಿಆರ್7 ಮನುಷ್ಯರ ಲಿಗೇಸ್ 4ನ್ನ ಮಾತ್ರ ಗುರಿಯಿಟ್ಟು ತಡೆಯೋದಿಲ್ಲ, ತಡೆಯೋ ಶಕ್ತಿಯೂ ಹೇಳಿದಷ್ಟು ಇಲ್ಲ ಅಂತ ಬರೆಯಿತು. ಆ ರಾಸಾಯನಿಕದ ನಿಜವಾದ ರಚನೆ ಯಾವುದು ಅನ್ನೋದರ ಮೇಲೂ ಚರ್ಚೆ ಆಯ್ತು. ಬೆಂಗಳೂರಿನ ತಂಡ ಅದರ ಬೇರೆ ಬೇರೆ ರೂಪಗಳನ್ನ ಪರೀಕ್ಷಿಸಿ ತನ್ನ ಕಡೆಯ ಫಲಿತಾಂಶ ಪ್ರಕಟಿಸಿತು. ಇದನ್ನ ಜಗಳ ಅಂತಲೋ ಮೋಸ ಅಂತಲೋ ತಿಳೀಬಾರದು. ಸಂತೆಯಲ್ಲಿ ಒಬ್ಬರು ತೂಗಿದ್ದನ್ನ ಇನ್ನೊಬ್ಬರು ಬೇರೆ ತಕ್ಕಡಿಯಲ್ಲಿ ಇಟ್ಟು ನೋಡೋದು ಇದ್ದದ್ದೇ. ವಿಜ್ಞಾನದಲ್ಲಿ ಒಬ್ಬರ ತೂಕವನ್ನ ಇನ್ನೊಬ್ಬರು ನೋಡದೆ ಯಾವುದೂ ಪಕ್ಕಾ ಆಗಲ್ಲ.

ಈ ನಡುವೆ ಎಸ್‌ಸಿಆರ್7 ಯಾರೂ ಅಂದುಕೊಳ್ಳದ ಕಡೆ ಉಪಯೋಗಕ್ಕೆ ಬಂತು. ಡಿಎನ್‌ಎಯನ್ನ ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದೋ ಕ್ರಿಸ್ಪರ್ ಅನ್ನೋ ತಂತ್ರ ಇದೆ. ಕತ್ತರಿಸಿದ ಮೇಲೆ ಕೋಶ ಅವಸರದಲ್ಲಿ ಟೇಪ್ ಹಾಕಿಬಿಟ್ಟರೆ ತಿದ್ದೋಕೆ ಆಗಲ್ಲ. ಟೇಪ್ ಹಾಕೋದನ್ನ ತಡೆದರೆ, ನಕಲು ನೋಡಿ ಬರೆಯೋ ದಾರಿಗೆ ಕೋಶ ಹೋಗುತ್ತೆ. ಇದಕ್ಕಾಗಿ ಎಸ್‌ಸಿಆರ್7 ಬಳಸಿದ ಎರಡು ತಂಡಗಳ ವರದಿ 2015ರಲ್ಲಿ ಪ್ರಕಟ ಆದವು.

ಇದೇ ಯೋಚನೆಯಿಂದ ಬಂದ ನಿಜವಾದ ಮಾತ್ರೆ

ರಿಪೇರಿ ತಡೆದು ಕ್ಯಾನ್ಸರ್ ಕೊಲ್ಲೋದು ಬರೀ ಕನಸು ಅಂತಲೂ ಅಲ್ಲ. ಬೇರೆ ಗುರಿಯ ಮೇಲೆ ಕೆಲಸ ಮಾಡೋ ಇಂಥ ಮಾತ್ರೆ ಆಗಲೇ ಬಂದಿದೆ. ಹೆಸರು ಒಲಾಪರಿಬ್. 2014ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ತು. ಆಮೇಲೆ ಸ್ತನ ಕ್ಯಾನ್ಸರ್ ಮೊದಲಾದ ಕೆಲವಕ್ಕೂ ವಿಸ್ತರಿಸಿತು. ಭಾರತದಲ್ಲೂ ಬಳಕೆಯಲ್ಲಿದೆ.

ಅದರ ಲೆಕ್ಕಾಚಾರ ಹೀಗೆ. ಬಿಆರ್‌ಸಿಎ ಕೆಟ್ಟಿರೋ ಗಡ್ಡೆಗೆ ನಕಲು ನೋಡಿ ಬರೆಯೋ ದಾರಿ ಮೊದಲೇ ಮುಚ್ಚಿರುತ್ತೆ. ಉಳಿದ ರಿಪೇರಿಗಳ ಮೇಲೆ ಅದು ಬದುಕಿರುತ್ತೆ. ಪಾರ್ಪ್ ಅನ್ನೋ ಪ್ರೋಟೀನ್ ಅದರಲ್ಲಿ ಮುಖ್ಯವಾದದ್ದು. ಮಾತ್ರೆ ಅದನ್ನ ತಡೆಯುತ್ತೆ. ಒಂದು ರಸ್ತೆ ಮೊದಲೇ ಕಿತ್ತುಹೋಗಿದೆ, ಇನ್ನೊಂದಕ್ಕೆ ಮಾತ್ರೆ ಅಡ್ಡ ನಿಲ್ಲುತ್ತೆ, ಗಡ್ಡೆಯ ಕೋಶಕ್ಕೆ ಹೋಗೋಕೆ ದಾರಿ ಇಲ್ಲ. ಒಳ್ಳೆ ಕೋಶಕ್ಕೆ ಮೊದಲನೇ ರಸ್ತೆ ಚೆನ್ನಾಗೇ ಇರೋದರಿಂದ ಅದು ಬಹುಮಟ್ಟಿಗೆ ತಡ್ಕೊಳ್ಳುತ್ತೆ. ಆದ್ರೆ ಈ ಮಾತ್ರೆ ಎಲ್ಲ ಕ್ಯಾನ್ಸರ್‌ಗೂ ಅಲ್ಲ. ವಂಶವಾಹಿ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ತಜ್ಞರೇ ತೀರ್ಮಾನಿಸಬೇಕು.

ಅಂಗಡಿಯ ಹಲಗೆ, ಮನೆಯ ಅಟ್ಟ

ಲ್ಯಾಬ್ ಮಾತು ಇಷ್ಟು. ಇದರಿಂದ ಅರಸೀಕೆರೆ, ಬೇಲೂರು, ಹಳೇಬೀಡಿನವರಿಗೆ ಗೊತ್ತಾಗಬೇಕಾದ್ದು ಒಂದಿದೆ. ರಿಪೇರಿ ಗ್ಯಾಂಗ್‌ಗೆ ಒಂದು ಮಿತಿ ಇದೆ. ಕೆಡೋದು ಮಿತಿ ಮೀರಿದರೆ ತಪ್ಪು ಉಳಿದುಹೋಗುತ್ತೆ. ಗ್ಯಾಂಗ್‌ನ ಬಲ ಹೆಚ್ಚಿಸೋ ಮಾತ್ರೆ ಇಲ್ಲ. ಕೆಡೋದನ್ನ ಕಡಿಮೆ ಮಾಡೋದು ಮಾತ್ರ ನಮ್ಮ ಕೈಲಿರೋದು.

ಮೊದಲನೆಯದು ತಂಬಾಕು. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಯಾವುದಾದರೂ ಸರಿ. ಅದರಲ್ಲಿರೋ ರಾಸಾಯನಿಕಗಳು ಡಿಎನ್‌ಎಯ ಅಕ್ಷರಗಳಿಗೆ ಹೋಗಿ ಅಂಟಿಕೊಳ್ಳುತ್ತವೆ, ಹೆಚ್ಚಾಗಿ ಜಿ ಅಕ್ಷರಕ್ಕೆ. ಅಂಟಿಕೊಂಡಿದ್ದನ್ನ ಕಿತ್ತು ತೆಗೆಯೋ ಮೊದಲೇ ಕೋಶ ಎರಡಾದರೆ ನಕಲಿನಲ್ಲಿ ತಪ್ಪು ಅಕ್ಷರ ಬೀಳುತ್ತೆ.

ಎರಡನೆಯದು ಅಡಿಕೆ. ತೋಟ ಇರೋರಿಗೆ ಇದು ಕಹಿ ಮಾತು. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ, ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಜೊತೆ ಸುಣ್ಣ ಸೇರಿದಾಗ ಬಾಯಲ್ಲಿ ಡಿಎನ್‌ಎಯನ್ನ ಕೆಡಿಸೋ ಆಮ್ಲಜನಕದ ಕಣಗಳು ಹುಟ್ಟುತ್ತವೆ. ದಿನವಿಡೀ ಅಗಿಯೋರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಪೂರ್ತಿ ತೆರೆಯೋಕೆ ಆಗದ ಹಾಗೆ ಆಗೋದುಂಟು. ಅದು ಎಚ್ಚರಿಕೆಯ ಗಂಟೆ. ಹಬ್ಬಕ್ಕೋ ಮದುವೆ ಊಟಕ್ಕೋ ಒಂದು ಎಲೆ ಹಾಕೋದು ಬೇರೆ, ಬೆಳಗ್ಗಿಂದ ರಾತ್ರಿವರೆಗೂ ಕೆನ್ನೆಯಲ್ಲಿ ಇಟ್ಕೊಂಡಿರೋದು ಬೇರೆ. ಎಷ್ಟು ಹೊತ್ತು, ಎಷ್ಟು ವರ್ಷ ಅನ್ನೋದರ ಮೇಲೆ ಅಪಾಯ ಏರುತ್ತೆ.

ಮೂರನೆಯದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ್ದು: ಬೂಷ್ಟು. ಅರಸೀಕೆರೆ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೊಬ್ಬರಿ ಇರುತ್ತೆ. ಸರಿಯಾಗಿ ಒಣಗದ ಕೊಬ್ಬರಿ, ಕಡ್ಲೆಕಾಯಿ, ಮೆಕ್ಕೆಜೋಳಕ್ಕೆ ಹಿಡಿಯೋ ಕೆಲವು ಬಗೆಯ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಅದು ಲಿವರ್‌ಗೆ ಹೋಗಿ ಅಲ್ಲಿನ ಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತೆ. ಲಿವರ್ ಕ್ಯಾನ್ಸರ್‌ಗೆ ಅದೊಂದು ಪಕ್ಕಾ ಕಾರಣ. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಇನ್ನೂ ಹಲವು ಪಟ್ಟು. ಬೂಷ್ಟು ಒರೆಸಿ ಬಿಸಿಲಿಗೆ ಹಾಕಿದರೆ ಮೇಲ್ನೋಟಕ್ಕೆ ಹೋಗುತ್ತೆ, ಒಳಗಿನ ವಿಷ ಹೋಗಲ್ಲ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗಲ್ಲ. ಅದನ್ನ ಹಸುವಿಗೆ ಹಾಕೋದೂ ಪರಿಹಾರ ಅಲ್ಲ, ವಿಷದ ಒಂದು ಪಾಲು ಹಾಲಿಗೆ ಬರುತ್ತೆ. ಚೆನ್ನಾಗಿ ಒಣಗಿಸೋದು, ಗಾಳಿಯಾಡೋ ಕಡೆ ಇಡೋದು, ಬೂಷ್ಟು ಹಿಡಿದ ಕಾಳು, ಕೊಬ್ಬರಿ ಎಸೆಯೋದು ಇಷ್ಟೇ ದಾರಿ. ಅಗ್ಗಕ್ಕೆ ಸಿಗುತ್ತೆ ಅಂತ ಇಂಥ ಸರಕು ಕೊಂಡು ಹಿಟ್ಟು ಮಾಡಿಸಿ ಮಾರೋರೂ ಇದನ್ನ ನೆನಪಲ್ಲಿ ಇಡಬೇಕು.

ಅಂಗಡಿಯವರಿಗೆ ಕಾನೂನಿನ ಮಾತು. ಗುಟ್ಕಾ ಮತ್ತು ತಂಬಾಕು ಬೆರೆಸಿದ ಪಾನ್ ಮಸಾಲಾ ಮಾರೋದನ್ನ ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿದೆ. ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಅಂತ ಬೇರೆ ಬೇರೆ ಕೊಟ್ಟರೂ ಗಿರಾಕಿ ಬಾಯಲ್ಲಿ ಸೇರೋದು ಒಂದೇ ಕಡೆ. ರಾಜ್ಯ ತಂದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವಂತಿಲ್ಲ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಇದು ದಂಡದ ಭಯಕ್ಕೆ ಮಾತ್ರ ಹೇಳೋ ಮಾತಲ್ಲ. ಹದಿನೈದನೇ ವಯಸ್ಸಿಗೆ ಶುರು ಮಾಡಿದವನ ಡಿಎನ್‌ಎಗೆ ತಪ್ಪು ಜಮೆ ಆಗೋಕೆ ಎಷ್ಟು ವರ್ಷ ಸಿಗುತ್ತೆ ಅನ್ನೋ ಲೆಕ್ಕ ಅದು. ದಿನದ ವ್ಯಾಪಾರದಲ್ಲಿ ಈ ಪ್ಯಾಕೆಟ್‌ಗಳ ಪಾಲು ದೊಡ್ಡದು ಅನ್ನೋದು ನಿಜ. ಕಾಯಿಲೆ ಬಿದ್ದಾಗ ಅದೇ ಗಿರಾಕಿ ಅಂಗಡಿ ಮುಂದೆ ಕಾಣಿಸದೇ ಹೋಗೋದೂ ಅಷ್ಟೇ ನಿಜ.

ಯಾವಾಗ ತೋರಿಸಬೇಕು, ಎಲ್ಲಿ ತೋರಿಸಬೇಕು

ಬಾಯಲ್ಲಿ ಎರಡು ಮೂರು ವಾರ ಆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯೋಕೆ ಕಷ್ಟ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ನುಂಗೋಕೆ ತೊಂದರೆ, ಕಾರಣ ಇಲ್ಲದೆ ತೂಕ ಇಳಿಯೋದು. ಇವು ಇದ್ದರೆ ಕ್ಯಾನ್ಸರ್ ಅಂತಲೇ ಅಲ್ಲ. ಆದ್ರೆ ತೋರಿಸಲೇಬೇಕು. ಕನ್ನಡಿ ಮುಂದೆ ನಿಂತು ಬಾಯಿ ತೆರೆದು ಮೂರು ಬೆರಳು ಉದ್ದಕ್ಕೆ ಒಳಗೆ ಹೋಗುತ್ತಾ ನೋಡೋದು ಮನೇಲೇ ಮಾಡಬಹುದಾದ ಪರೀಕ್ಷೆ. ಹೋಗದಿದ್ರೆ ದಂತ ವೈದ್ಯರ ಹತ್ತಿರ ಹೋಗಿ.

ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನ ಕೇಳಿದರೆ ಯಾವಾಗ, ಎಲ್ಲಿ ಅಂತ ಹೇಳ್ತಾರೆ. ಅನುಮಾನ ಬಂದರೆ ಅಲ್ಲಿಂದ ತಾಲೂಕು ಆಸ್ಪತ್ರೆ, ಹಾಸನದ ಹಿಮ್ಸ್, ಅಲ್ಲಿಂದ ಬೇಕಾದರೆ ಕಿದ್ವಾಯಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು. ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡ್ ಮೊದಲೇ ಸಿದ್ಧ ಇಟ್ಕೊಂಡರೆ ಓಡಾಟ ಕಡಿಮೆ.

ಕೊನೆಗೆ, 'ಔಷಧಿ ಸಿಕ್ಕೇಬಿಡ್ತು' ಅನ್ನೋ ಮೆಸೇಜ್ ಬಂದಾಗ ಒಂದು ಪ್ರಶ್ನೆ ಕೇಳಿದರೆ ಸಾಕು: ಇಲಿಗಾ, ಮನುಷ್ಯರಿಗಾ? ಇಲಿಗೆ ಅಂದರೆ ಖುಷಿ ಪಡಿ, ಆದ್ರೆ ನಡೀತಿರೋ ಚಿಕಿತ್ಸೆ ನಿಲ್ಲಿಸಬೇಡಿ. ಕಿಮೋ ಅರ್ಧಕ್ಕೆ ಬಿಟ್ಟು ಪುಡಿ, ಕಷಾಯ, ಹೊಸ ಸಂಶೋಧನೆ ಅಂತ ಕಾಯೋ ಪ್ರತಿ ತಿಂಗಳೂ ಗಡ್ಡೆಯ ಕೋಶಗಳಿಗೆ ರಿಪೇರಿ ಮಾಡಿಕೊಳ್ಳೋಕೆ ಕೊಟ್ಟ ರಜೆ. ಬೆಂಗಳೂರಿನ ಲ್ಯಾಬ್ ತಡೆಯೋಕೆ ನೋಡ್ತಿರೋದೂ ಅದೇ ರಿಪೇರಿಯನ್ನ.